ಹೌದು ಎನ್ನುತ್ತಿದ್ದ ಲಾಂಪೋನ್

ಗ್ರೀಕರ ಮೆಗಾರ ಪಟ್ಟಣದ ಉಣ್ಣೆಪೇಟೆಯಲ್ಲಿ ಲಾಂಪೋನನಷ್ಟು ಸುಲಭದ ಮನುಷ್ಯ ಇನ್ನೊಬ್ಬನಿರಲಿಲ್ಲ. ಅಪ್ಪ ಬಿಟ್ಟುಹೋದ ಮಗ್ಗಗಳಲ್ಲಿ ಅವನೂ ಅವನ ಅಣ್ಣ ತೆಲಿಯಾಸನೂ ಒರಟು ಉಣ್ಣೆಯ ಹೊದಿಕೆಗಳನ್ನು ನೇಯಿಸುತ್ತಿದ್ದರು. ಗಿರಾಕಿ ಬೆಲೆ ಇಳಿಸು ಎಂದರೆ ಲಾಂಪೋನ್ ಹೌದು ಎನ್ನುತ್ತಿದ್ದ. ಇಳಿಸಬೇಡ ಎಂದು ಅಣ್ಣ ಕಣ್ಣು ಕೆಂಪಗೆ ಮಾಡಿದರೆ ಅದಕ್ಕೂ ಹೌದು.

ಪೇಟೆಯ ಕಂಬಸಾಲಿನ ನೆರಳಲ್ಲಿ ನಿಕಾಗೋರಸ್ ಎಂಬ ಮುದುಕ ಗುರು ಪಾಠ ಹೇಳುತ್ತಿದ್ದ. ಪಾಠವೆಂದರೆ ಅವನು ಕೇಳುವುದು, ಇನ್ನೊಬ್ಬ ಉತ್ತರಿಸುವುದು. ಒಂದು ಬೆಳಿಗ್ಗೆ ಉತ್ತರಿಸಲು ಕೂತ ಶ್ರೀಮಂತರ ಹುಡುಗ ಹೆಜ್ಜೆಹೆಜ್ಜೆಗೂ ಕಾಲು ಕೆರೆದು ಜಗಳ ತೆಗೆದ. ಮುದುಕನಿಗೆ ರೇಗಿತು. ಹೆಗಲ ಮೇಲೆ ಹೊದಿಕೆಗಳ ಗಂಟು ಹೊತ್ತು ಅಲ್ಲೇ ನಿಂತಿದ್ದ ಲಾಂಪೋನನನ್ನು ಕರೆದ.

"ನೀನು ಬಾರಪ್ಪ. ಒಂದು ಅನ್ನೋದು ಇದ್ರೆ, ಅದು ಹಲವಾಗಿರುತ್ತಾ?"

"ಅದ್ಹೇಗ್ ಆಗುತ್ತೆ ಗುರುಗಳೆ?"

"ಹಾಗಾದ್ರೆ ಅದಕ್ಕೆ ಭಾಗಗಳಿಲ್ಲ."

"ಇಲ್ಲ."

"ಭಾಗ ಇಲ್ದಿರೋದಕ್ಕೆ ಅಂಚೂ ಇಲ್ಲ. ಅಂಚೇ ಇಲ್ದಿದ್ರೆ ಯಾವ ಜಾಗದಲ್ಲೂ ಅದು ಕೂರಲ್ಲ. ಸರೀನಾ?"

"ಹೌದು."

"ಎಲ್ಲೂ ಇಲ್ದಿರೋದನ್ನ, ಇದೆ ಅನ್ನೋಣವೇ?"

ಲಾಂಪೋನ್ ಗಂಟನ್ನು ಇನ್ನೊಂದು ಹೆಗಲಿಗೆ ಬದಲಿಸಿದ. "ಅನ್ನೋಕಾಗಲ್ಲ ಅನ್ಸುತ್ತೆ."

ಸುತ್ತ ನಿಂತವರು ಬೆಕ್ಕಸಬೆರಗಾದರು. ಮರುದಿನ ಮುದುಕ ಇನ್ನೊಂದು ತುದಿಯಿಂದ ಹಿಡಿದ. 'ಒಂದು ಇದೆ' ಎಂದೊಡನೆ 'ಒಂದು' ಎನ್ನುವುದು ಬೇರೆ, 'ಇದೆ' ಎನ್ನುವುದು ಬೇರೆ, ಆಗಲೇ ಎರಡಾಯಿತು. ಆ ಎರಡರಲ್ಲಿ ಒಂದೊಂದೂ ಮತ್ತೆ ಹಾಗೇ ಒಡೆಯುತ್ತ ಹೋಗಿ ಕೊನೆಗೆ ಲೆಕ್ಕವೇ ಸಿಗಲಿಲ್ಲ. ಲಾಂಪೋನ್ ಅದಕ್ಕೂ ಹೌದೆಂದ.

ಮನೆಯಲ್ಲಿ ಹೆಂಡತಿ ಫಿಲಿನ್ನಾ ಜವೆಯ ಹಿಟ್ಟು ನಾದುತ್ತ ಎಲ್ಲ ಕೇಳಿಸಿಕೊಂಡಳು.

"ನಿನ್ನೆ ಇಲ್ಲವೇ ಇಲ್ಲ ಅಂದ್ರಿ. ಇವತ್ತು ಊರು ತುಂಬಾ ಇದೆ ಅಂತೀರಿ. ಇರ್ಲಿ, ಬೆಳ್ಳುಳ್ಳಿ ತಂದ್ರಾ?"

ಬೆಳ್ಳುಳ್ಳಿ ಮರೆತುಹೋಗಿತ್ತು.

ಅಂದಿನಿಂದ ಕಂಬಸಾಲಿನಲ್ಲಿ ಉತ್ತರ ಕೊಡುವವನು ಲಾಂಪೋನನೇ ಆದ. ಜನ ಅವನನ್ನು ಮುದುಕನ ಬಾಲ ಎಂದು ಆಡಿಕೊಂಡರು. ಅವನಿಗೇನೂ ಬೇಸರವಾಗಲಿಲ್ಲ. ಹೌದೆನ್ನುವ ಮೊದಲು ಅವನು ಪ್ರತಿ ಮಾತನ್ನೂ ನೂಲಿನಂತೆ ಒಮ್ಮೆ ಎಳೆದು ನೋಡುತ್ತಿದ್ದ. ಅದು ತುಂಡಾಗಲಿಲ್ಲವೆಂದರೆ ಮಾತ್ರ ಒಪ್ಪುತ್ತಿದ್ದ. ಇದನ್ನು ಯಾರಿಗಾದರೂ ಹೇಳಬೇಕೆಂದು ಅವನಿಗೆ ತೋಚಲಿಲ್ಲ.

ಮಾರುವವನಿಲ್ಲದೆ ಪೇಟೆಯಲ್ಲಿ ಮಾಲು ಹಾಗೇ ಉಳಿಯತೊಡಗಿತು. ತೆಲಿಯಾಸ್ ವರ್ಷವಿಡೀ ಹಲ್ಲು ಕಚ್ಚಿಕೊಂಡಿದ್ದು, ದ್ರಾಕ್ಷಿಯ ಕೊಯ್ಲು ಮುಗಿದ ಮೇಲೆ ಬಾಯಿಬಿಟ್ಟ.

"ನೋಡೋ, ಹೀಗೆ ನಡೆಯಲ್ಲ. ಅಂಗಳದ ನಡುವೆ ಗೋಡೆ ಹಾಕ್ಬಿಡೋಣ. ನಿನ್ನ ಮಗ್ಗ ನಿನಗೆ, ನನ್ನದು ನನಗೆ. ಏನಂತೀಯ?"

"ಹೌದಣ್ಣ."

ತಮ್ಮ ಬೇಡವೆನ್ನುತ್ತಾನೆ, ಬೈದು ಸುಮ್ಮನಾಗೋಣ ಎಂದುಕೊಂಡಿದ್ದನೋ ಏನೋ, ತೆಲಿಯಾಸ್ ಅರೆಗಳಿಗೆ ಅವನ ಮುಖವನ್ನೇ ನೋಡಿದ. ಆಮೇಲೆ ಗಾರೆಯವನನ್ನು ಕರೆಸಲು ಹೋದ. ಫಿಲಿನ್ನಾ ಹಣೆ ಚಚ್ಚಿಕೊಂಡಳು.

"ಅಲ್ರೀ, ಇದಕ್ಕೂ ಹೌದು ಅಂದ್ರಾ? ನಿಮ್ಮ ನಾಲಿಗೇಲಿ ಇನ್ನೊಂದು ಮಾತೇ ಇಲ್ವಾ?"

ಮಣ್ಣಿಟ್ಟಿಗೆಯ ಗೋಡೆ ಎದ್ದಿತು. ಅಪ್ಪನ ಕಾಲದ ಒಲೆ ಅಣ್ಣನ ಪಾಲಿಗೆ ಬಂತು. ಬೇರೆ ಸಂಸಾರ ಹೂಡುವವರು ಹಳೆಯ ಒಲೆಯಿಂದಲೇ ಬೆಂಕಿ ಒಯ್ದು ಹೊಸ ಒಲೆ ಹೊತ್ತಿಸಬೇಕು, ಒಲೆಯ ದೇವಿ ಹೆಸ್ತಿಯಾ ಒಪ್ಪುವುದು ಅದನ್ನೇ. ತೆಲಿಯಾಸ್ ಮಡಕೆಗೆ ಕೆಂಡ ತುಂಬಿಕೊಟ್ಟ. ಗೋಡೆ ಬಂದ ಮೇಲೆ ತನ್ನ ಬಾಗಿಲಿಗೆ ಲಾಂಪೋನ್ ಬೀದಿ ಬಳಸಿ ಹೋಗಬೇಕಿತ್ತು. ಬೀದಿಗಿಳಿದವನು ಮನೆಗೆ ತಿರುಗಲಿಲ್ಲ. ಮಡಕೆ ಹಿಡಿದುಕೊಂಡು ನೆಟ್ಟಗೆ ಕಂಬಸಾಲಿಗೆ ನಡೆದ.

"ಗುರುಗಳೆ, ಒಂದ್ ಮಾತು ಕೇಳ್ಬೇಕಿತ್ತು. ಇದು ನಮ್ಮಣ್ಣನ ಒಲೆ ಬೆಂಕಿ. ಅಲ್ಲೂ ಉರೀತಿದೆ, ಇಲ್ಲೂ ಇದೆ. ಇದು ಒಂದೋ, ಎರಡೋ?"

ಅವನು ಪ್ರಶ್ನೆ ಕೇಳಿದ್ದು ಅದೇ ಮೊದಲು. ನಿಕಾಗೋರಸ್ ಕೋಲನ್ನು ಪಕ್ಕಕ್ಕಿಟ್ಟ.

"ಒಂದು ಅನ್ನೋಣವೇ?"

"ಅಲ್ಲ ಗುರುಗಳೆ. ಅದು ಆರಿದ್ರೆ ಇದು ಆರಲ್ಲ."

"ಹಾಗಾದ್ರೆ ಎರಡು."

"ಅದೂ ಅಲ್ಲ." ಲಾಂಪೋನ್ ಮಡಕೆಯನ್ನು ಮುಂದಕ್ಕೆ ಚಾಚಿದ. "ಎಲ್ಲಿ ಎರಡಾಯ್ತು? ನಾನೇ ಹೊತ್ಕೊಂಡು ಬಂದೆ. ದಾರೀಲಿ ಎಲ್ಲೂ ಆಗ್ಲಿಲ್ಲ."

ಎಂದೂ 'ಅಲ್ಲ' ಎನ್ನದವನು ಎರಡು ಸಲ ಅಂದದ್ದಕ್ಕೆ ಹುಡುಗರು ಶಿಳ್ಳೆ ಹಾಕಿದರು. ಮುದುಕ ನಗಲಿಲ್ಲ. ಜಾಗ ಸರಿದು ತನ್ನ ಕಲ್ಲುಪೀಠದಲ್ಲಿ ಅವನನ್ನು ಕೂರಿಸಿದ.

"ಇವತ್ತು ನೀನು ಕೇಳು. ನಾನು ಹೇಳ್ತೀನಿ."

ಲಾಂಪೋನ್ ಕೇಳಿದ. ಒಂದೆರಡು ಪ್ರಶ್ನೆ ನೆಟ್ಟಗೆ ಬಂದವು. ಮುಂದಿನದು ತೊದಲಿತು. ಅದರ ಮುಂದಿನದು ಬಾಯಿಗೇ ಬರಲಿಲ್ಲ. ಮುದುಕ ಕಾಯುತ್ತ ಕೂತ. ಬಿಸಿಲು ಕಂಬದ ಬುಡ ಬಿಟ್ಟು ಗೋಡೆಗೆ ಏರಿತು, ಜನ ಆಕಳಿಸಿ ಚದುರಿದರು. ಲಾಂಪೋನನ ಕಣ್ಣಿನಲ್ಲಿ ನೀರು ತುಂಬಿತ್ತು. ಪ್ರಶ್ನೆ ತನ್ನೊಳಗೆ ಇಡಿಯಾಗಿಯೇ ಇದೆ, ಕೈಗೆ ಮಾತ್ರ ಸಿಗುತ್ತಿಲ್ಲ ಎನಿಸುತ್ತಿತ್ತು. ಮನೆಗೆ ಹೊರಡಲೆಂದು ಎದ್ದು ನೋಡಿದರೆ ಮಡಕೆಯಲ್ಲಿ ಬರೀ ಬೂದಿ.

ಅಣ್ಣನ ಬಾಗಿಲು ಬಡಿಯದೆ ಬೇರೆ ದಾರಿಯಿರಲಿಲ್ಲ.

"ಏನೋ? ಬೆಂಕಿ ಎಲ್ಲಿ?"

"ಆರೋಯ್ತು ಅಣ್ಣ."

"ನಾಲ್ಕು ಹೆಜ್ಜೆ ದಾರೀಲಾ?"

"ಗುರುಗಳ ಹತ್ರ ಹೋಗಿದ್ದೆ. ಇದು ಒಂದೋ ಎರಡೋ ಅಂತ ಕೇಳೋಕೆ."

ತೆಲಿಯಾಸ್ ಬಾಗಿಲ ಚೌಕಟ್ಟು ಹಿಡಿದು ನಗತೊಡಗಿದ. ತಿಂಗಳುಗಟ್ಟಲೆ ಮುಖ ಗಂಟಿಕ್ಕಿಕೊಂಡಿದ್ದವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಒಂದೂ ಇಲ್ಲ ಈಗ! ನಿನ್ನ ಕೈಗೆ ಕೊಟ್ಟ ನನ್ನ ಬುದ್ಧಿಗೆ ಏನು ಹೇಳ್ಲಿ." ಮತ್ತೆ ಕೆಂಡ ತುಂಬಿದ, ಈ ಸಲ ಮಡಕೆಯನ್ನು ತಾನೇ ಹಿಡಿದು ತಮ್ಮನ ಜೊತೆ ಬೀದಿ ಬಳಸಿ ನಡೆದ. ಹೊಸ ಒಲೆ ಹೊತ್ತಿಕೊಂಡಿತು. ಫಿಲಿನ್ನಾ ಭಾವನಿಗೆ ಉಪ್ಪುಮೀನು, ರೊಟ್ಟಿ ಬಡಿಸಿದಳು. ಗೋಡೆಯ ಮಾತನ್ನು ಯಾರೂ ಎತ್ತಲಿಲ್ಲ. ಅದು ಹಾಗೇ ನಿಂತಿತು.

ಭಾವನ ಅಂಗಳದಿಂದ ಉಣ್ಣೆ ಮೂಟೆಗಳನ್ನು ಬೀದಿ ಸುತ್ತಿಸಿ ಸಾಗಿಸಿ ಸುಸ್ತಾದ ಫಿಲಿನ್ನಾ, ಚಳಿಗಾಲ ಮುಗಿಯುವ ಹೊತ್ತಿಗೆ ಗಾರೆಯವನನ್ನು ತಾನೇ ಕರೆಸಿ, ಗೋಡೆಯಲ್ಲಿ ಮೂಟೆ ನುಸುಳುವಷ್ಟು ಅಗಲದ ಕಂಡಿ ಒಡೆಸಿದಳು. ಅಣ್ಣತಮ್ಮಂದಿರು ನೋಡಿಯೂ ನೋಡದಂತಿದ್ದರು. ಲೆಕ್ಕಾಚಾರ ಕೊನೆಯವರೆಗೂ ಬೇರೆಯೇ ನಡೆಯಿತು.

ನಿಕಾಗೋರಸ್ ಆ ವಸಂತದಲ್ಲಿ ಹಡಗು ಹತ್ತಿ ಸಿಸಿಲಿಯ ಕಡೆ ಹೋದವನು ಮರಳಲಿಲ್ಲ. ಕಂಬಸಾಲಿನಲ್ಲಿ ಅವನ ಶಿಷ್ಯರು ಪಾಠ ಮುಂದುವರಿಸಿದರು. ಉತ್ತರಕ್ಕೆ ಲಾಂಪೋನನನ್ನೇ ಹುಡುಕಿಕೊಂಡು ಬಂದರು. ಅವನು ಹೋಗಿ ಕೂತ. ಆದರೆ ಮೊದಲ ಪ್ರಶ್ನೆಗೇ, "ತಡೀರಿ, ಇದನ್ನ ನಾನಿನ್ನೂ ಒಪ್ಪಿಲ್ಲ," ಎಂದು ಬಿಸಿಲೇರುವವರೆಗೂ ಗಲ್ಲ ಉಜ್ಜುತ್ತ ಉಳಿದ. ಅವರಿಗೆ ಸಾಕಾಯಿತು. ಬೇರೊಬ್ಬನನ್ನು ನೋಡಿಕೊಂಡರು.

ಲಾಂಪೋನ್ ಹೊದಿಕೆಗಳ ಗಂಟು ಹೊತ್ತು ಪೇಟೆಗೆ ಇಳಿದ. ಗಿರಾಕಿಗಳು ಬೆಲೆ ಇಳಿಸು ಎಂದಾಗ ಅವನು ಮುಂಚಿನಂತೆಯೇ ಇಳಿಸುತ್ತಿದ್ದ.