ಲಿಯೊಕಾಡಿಯಾ ಬರೆಯದೆ ಬಿಟ್ಟ ತೋಟ

ಲಿಯೊಕಾಡಿಯಾ ಕಲ್ಸಿನಾ ಒಂದು ಕಡೆ ಕೂತದ್ದನ್ನು ನೋಡಿದವರು ಕಡಿಮೆ. ಮೇಲೆ, ತಿತಿಕಾಕಾ ಸರೋವರದ ದಂಡೆಯ ಹಳ್ಳಿಯಲ್ಲಿ ಅವಳು ಚಿಕ್ಕವಳಾಗಿದ್ದಾಗ ಅವಳ ತಾಯಿ ಮಗ್ಗದ ಮುಂದೆ ಕೂರುವ ಮೊದಲು ಮಗಳ ಕಾಲಿಗೆ ಉಣ್ಣೆಯ ಹುರಿ ಕಟ್ಟಿ ಅದರ ತುದಿಯನ್ನು ಗೂಟಕ್ಕೆ ಬಿಗಿಯುತ್ತಿದ್ದಳಂತೆ. ಬಿಟ್ಟರೆ ಹುಡುಗಿ ಲಾಮಾಗಳ ಹಿಂದೆ ಬೆಟ್ಟ ಹತ್ತಿಬಿಡುತ್ತಿತ್ತು. ಒಂಬತ್ತನೆಯ ವಯಸ್ಸಿನಲ್ಲಿ ಅಪ್ಪನ ಜೊತೆ ಹಿಮ ಬಿದ್ದ ಘಟ್ಟ ದಾಟಿ, ಸಾಂದಿಯಾ ಕಣಿವೆಯ ಬೆಚ್ಚನೆಯ ಇಳಿಜಾರಿಗೆ ಕಾಫಿ ಕೊಯ್ಲಿಗೆಂದು ನಡೆದೇ ಬಂದಳು. ಅಪ್ಪ ಅಲ್ಲೇ ಕಾಡು ಕಡಿದು ತೋಟ ಮಾಡಿದ. ಅವಳು ಅಲ್ಲೇ ಬೆಳೆದಳು, ಎರ್ಮೋಹೆನೆಸ್ ಎಂಬ ಮಾತು ಕಡಿಮೆಯ ಗಂಡಸನ್ನು ಮದುವೆಯಾದಳು, ಇಬ್ಬರು ಹೆಣ್ಣುಮಕ್ಕಳನ್ನು ಹೆತ್ತಳು. ನಲವತ್ತಮೂರಾದರೂ ಊಟದ ನಡುವೆ ಎರಡು ಸಲ ಎದ್ದು ಹೊರಗೆ ಕಣದಲ್ಲಿ ಒಣಗುತ್ತಿದ್ದ ಕಾಫಿಯ ಮೇಲೆ ಕೈಯಾಡಿಸಿ ಬರದಿದ್ದರೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ.

"ನಿನ್ನ ಬೆಂಚಿನ ಕೆಳಗೆ ಕೆಂಡ ಇಟ್ಟೋರು ಯಾರೇ?" ಎಂದು ಎರ್ಮೋಹೆನೆಸ್ ಕೇಳುತ್ತಿದ್ದ. ಅವನ ದಿನದ ಮಾತಿನಲ್ಲಿ ಅರ್ಧ ಅದೇ.

ಅಂಥವಳಿಗೆ ಬೆಳೆಗಾರರ ಸಹಕಾರ ಸಂಘ ಹೇಳಿ ಮಾಡಿಸಿದ ಕೆಲಸ ಕೊಟ್ಟಿತ್ತು. ಸಂಘದ ಕಾಫಿ ಕಡಲಾಚೆ ಹೋಗುವಾಗ ಮೂಟೆಯ ಮೇಲೆ ಎರಡು ಮುದ್ರೆ ಇರುತ್ತಿದ್ದವು. ವಿಷ ಹಾಕದೆ ಬೆಳೆದದ್ದು ಎಂಬುದಕ್ಕೆ ಸಾವಯವದ ಮುದ್ರೆ, ಬೆಳೆದವರಿಗೆ ಸರಿಯಾದ ಬೆಲೆ ಸಿಕ್ಕಿದೆ ಎಂಬುದಕ್ಕೆ ನ್ಯಾಯದ ವ್ಯಾಪಾರದ ಮುದ್ರೆ. ಪ್ರತಿ ಮಾರ್ಚಿನಲ್ಲಿ, ಕೊಯ್ಲಿಗೆ ಮೊದಲು, ಸದಸ್ಯರ ತೋಟಗಳನ್ನೆಲ್ಲ ಒಂದೊಂದಾಗಿ ನಡೆದು ನೋಡಿ ಬರೆದಿಡುವುದು ಲಿಯೊಕಾಡಿಯಾಳ ಪಾಲಿಗೆ ಬಂದಿತ್ತು. ಆಮೇಲೆ ಲೀಮಾದಿಂದ ಹೊರಗಿನ ಇನ್ಸ್‌ಪೆಕ್ಟರ್ ಬಂದು, ಅವಳ ಕಾಗದ ಓದಿ, ತನಗೆ ತೋಚಿದ ಹತ್ತು ತೋಟಗಳನ್ನು ತಾನೇ ನೋಡುತ್ತಿದ್ದ. ಒಂದು ತೋಟದ ವಿಷ ಸಂಘದ ಮೂಟೆಯೊಳಗೆ ಸೇರಿತೆಂದರೆ ಇಡೀ ಕಣಿವೆಯ ಮುದ್ರೆ ಹೋದಂತೆ.

ಗಂಡಸರು ಅವಳಿಗೆ 'ಸಂಘದ ಮೂಗು' ಎಂದು ಹೆಸರಿಟ್ಟಿದ್ದರು.

"ಬಂತು ನೋಡ್ರಪ್ಪ ಸಂಘದ ಮೂಗು. ಕೋಳಿ ಮುಚ್ಚಿಡ್ರಿ, ಅದನ್ನೂ ಮೂಸಿ ನೋಡಿಯಾಳು," ಎಂದು ಮುದುಕ ದೋನ್ ಅನಾಕ್ಲೆತೋ ಬೇಲಿಯೊಳಗಿಂದಲೇ ಕೂಗುತ್ತಿದ್ದ.

"ನಿಮ್ಮ ಕೋಳಿ ಬೇಡ ದೋನ್ ಅನಾಕ್ಲೆತೋ, ಗೊಬ್ಬರದ ಗುಂಡಿ ತೋರಿಸಿ. ಹೋದ ವರ್ಷ ಅದರಲ್ಲಿ ನಿಮ್ಮ ಹಳೇ ಚಪ್ಪಲಿ ಸಿಕ್ಕಿತ್ತು."

"ಚಪ್ಪಲೀನೂ ಸಾವಯವಾನೇ ತಾಯಿ, ಹಸುವಿಂದೇ ಬಂದಿದ್ದು."

ಏಳು ವರ್ಷ ಹೀಗೆ ನಡೆಯಿತು. ಎಂಟನೆಯ ಮಾರ್ಚಿನಲ್ಲಿ ಅವಳು ಇಲಾರಿಯಾ ಪಾಕ್ಕೋಳ ತೋಟಕ್ಕೆ ಹೋದಳು.

ಇಲಾರಿಯಾ ಬೇರೆಯವಳಲ್ಲ. ಲಿಯೊಕಾಡಿಯಾಳ ಹಿರಿಮಗಳಿಗೆ ಇಗರ್ಜಿಯಲ್ಲಿ ದೀಕ್ಷಾಸ್ನಾನ ಮಾಡಿಸುವಾಗ ಮಗುವನ್ನು ಎತ್ತಿಕೊಂಡು ನಿಂತ ಧರ್ಮತಾಯಿ ಅವಳು. ಅಂದಿನಿಂದ ಹದಿನೇಳು ವರ್ಷ ಇಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದಿರಲಿಲ್ಲ. ಆ ನಂಟಿಗೆ ತಕ್ಕಂತೆ 'ಕೊಮಾದ್ರೆ' ಎಂದೇ ಕರೆಯುತ್ತಿದ್ದರು. ಇಲಾರಿಯಾಳ ಗಂಡ ನಾಲ್ಕು ವರ್ಷದಿಂದ ಮೇಲೆ ಹಿಮದ ಬೆಟ್ಟದ ಚಿನ್ನದ ಗಣಿಯಲ್ಲಿದ್ದ, ವರ್ಷಕ್ಕೆ ಎರಡು ಸಲ ಬರುತ್ತಿದ್ದ.

ಇಲಾರಿಯಾ ಬೇಯಿಸಿದ ಮರಗೆಣಸು, ಕಾಫಿ ಕೊಟ್ಟಳು. ಲಿಯೊಕಾಡಿಯಾ ನಿಂತೇ ತಿಂದು ತೋಟಕ್ಕೆ ಇಳಿದಳು. ಮೇಲಿನ ತುಂಡು ಚೆನ್ನಾಗಿತ್ತು. ನೆರಳಿನ ಮರಗಳ ಎಲೆ ಗಿಡಗಳ ಬುಡದಲ್ಲಿ ದಪ್ಪನಾಗಿ ಬಿದ್ದಿತ್ತು. ಕೆಳಗಿನ ತುಂಡಿಗೆ ಕಾಲಿಟ್ಟವಳು ನಿಂತಳು. ಕಳೆಯೆಲ್ಲ ಒಂದೇ ಬಣ್ಣಕ್ಕೆ, ಕಂದು ಕೆಂಪಿಗೆ ತಿರುಗಿ ಮಲಗಿತ್ತು. ಕತ್ತಿಯಲ್ಲಿ ಸವರಿದ ಕಳೆ ಮೇಲೆ ಒಣಗಿದರೂ ವಾರದಲ್ಲೇ ಬುಡದಿಂದ ಹಸಿರು ಮೂತಿ ತೋರಿಸುತ್ತದೆ. ಇದು ಬೇರಿನಿಂದ ಸತ್ತಿತ್ತು. ಒಂದು ಹಿಡಿ ಎಳೆದರೆ ಕೂದಲಂತೆ ಕೈಗೆ ಬಂತು.

"ಇದೇನು ಕೊಮಾದ್ರೆ?"

"ಬಿಸಿಲು."

"ಬಿಸಿಲು ಬೇಲಿ ನೋಡ್ಕೊಂಡು ಬೀಳುತ್ತಾ?"

"ಹಾಗಾದ್ರೆ ಕೆಳಗಿನ ಕೋಕಾ ಸೊಪ್ಪಿನ ತೋಟದವರದ್ದು. ಅವರು ಹೊಡೆದ ಕಳೆ ಔಷಧಿ ಗಾಳೀಲಿ ಹಾರಿ ಬಂದಿರುತ್ತೆ."

"ಗಾಳಿ ಕಾಫಿ ಗಿಡಕ್ಕೆ ತಾಗದ ಹಾಗೆ, ಸಾಲು ಹಿಡಿದು ಹೊಡೀತಾ?"

ಇಲಾರಿಯಾ ತನ್ನ ಎರಡೂ ಅಂಗೈ ಮುಂದೆ ಚಾಚಿದಳು. ಕತ್ತಿ ಹಿಡಿದ ಕಡೆ ಬೊಬ್ಬೆ ಒಡೆದು, ಮತ್ತೆ ಬೊಬ್ಬೆ ಎದ್ದಿತ್ತು.

"ಎಣಿಸ್ಕೋ. ನನಗಿರೋದು ಇವೆರಡೇ. ಕೂಲಿಗೆ ಕರೆದರೆ ಎಲ್ಲ ಕೋಕಾ ಕೊಯ್ಯೋಕೆ ಹೋಗ್ತಾರೆ, ಅಲ್ಲಿ ಹೆಚ್ಚು ಕೊಡ್ತಾರೆ. ಕಳೆ ಸೊಂಟದವರೆಗೆ ಬಂತು. ಮೇಲಿನ ತುಂಡು ಮುಗಿಸೋದ್ರಲ್ಲೇ ಜೀವ ಹೋಯ್ತು. ಕೆಳಗಿನದಕ್ಕೆ ಪಂಪು ಹೊತ್ತೆ. ಒಂದು ಬೆಳಿಗ್ಗೆ. ಅಷ್ಟೇ."

ಲಿಯೊಕಾಡಿಯಾ ಚೀಲದಿಂದ ಕಾಗದ ತೆಗೆದಳು. ಒಂದು ಸಾಲಿಗೆ ಒಂದು ತೋಟ. ಇಲಾರಿಯಾಳ ಹೆಸರಿನ ಮುಂದೆ ಪೆನ್ನು ಇಟ್ಟಳು, ತೆಗೆದಳು, ಕಾಗದ ಮಡಿಸಿ ಒಳಗಿಟ್ಟಳು. ಬೆಟ್ಟ ಇಳಿದಳು.

ಇನ್ಸ್‌ಪೆಕ್ಟರ್ ಬರಲು ಒಂಬತ್ತು ದಿನ ಇತ್ತು. ಆ ಒಂಬತ್ತು ದಿನ ಲಿಯೊಕಾಡಿಯಾ ನಡೆದಷ್ಟು ಆ ಕಣಿವೆಯಲ್ಲಿ ಹೇಸರಗತ್ತೆಯೂ ನಡೆದಿರಲಿಕ್ಕಿಲ್ಲ. ಉಳಿದ ತೋಟಗಳನ್ನು ಮುಗಿಸಿದಳು. ಮುಗಿಸಿದ ತೋಟಗಳಿಗೆ ಮತ್ತೆ ಹೋಗಿ, ಏನು ನೋಡಲು ಬಂದೆನೆಂದು ಮರೆತು ವಾಪಸು ಬಂದಳು. ಮನೆಯಲ್ಲಿ ಜೋಳ ಹುರಿಯಲು ಇಟ್ಟು ಹೊಳೆಗೆ ಹೋದಳು, ಜೋಳ ಕರಿದಾಯಿತು. ಕಾಗದವನ್ನು ದಿನಕ್ಕೆ ಹತ್ತು ಸಲ ತೆಗೆದು ನೋಡಿದಳು. ಎಲ್ಲ ಸಾಲೂ ತುಂಬಿ ಒಂದೇ ಒಂದು ಸಾಲು ಬೆಳ್ಳಗೆ ಉಳಿದಿತ್ತು. 'ಸರಿಯಾಗಿದೆ' ಎಂದು ಬರೆಯಲು ಒಂದು ಕ್ಷಣ ಸಾಕು. ಆ ಕ್ಷಣ ಬರುತ್ತಿತ್ತು, ಹೋಗುತ್ತಿತ್ತು.

ಐದನೆಯ ದಿನ ತಡೆಯಲಾರದೆ ಇಲಾರಿಯಾಳ ಬಾಗಿಲಿಗೆ ಮತ್ತೆ ಹೋದಳು.

"ಭಾನುವಾರದ ಸಭೇಲಿ ನೀನೇ ಎದ್ದು ಹೇಳಿಬಿಡು ಕೊಮಾದ್ರೆ. ತಾವಾಗಿ ಹೇಳಿದೋರನ್ನ ಸಂಘದಿಂದ ಹೊರಗೆ ಹಾಕಲ್ಲ. ಕೆಳಗಿನ ತುಂಡನ್ನ ಮೂರು ವರ್ಷ ಪಕ್ಕಕ್ಕಿಡ್ತಾರೆ, ಮೇಲಿಂದು ಉಳಿಯುತ್ತೆ."

"ಮೂರು ವರ್ಷ. ಆಮೇಲೆ ಅವರೆಲ್ಲ ನನ್ನ ಕಂಡಾಗಲೆಲ್ಲ ಮೂಗು ಮುಚ್ಕೊಂಡು ಓಡಾಡ್ಲಿ, ಅಲ್ವಾ?" ಇಲಾರಿಯಾ ಮೊರದಲ್ಲಿದ್ದ ಕಾಳು ಆರಿಸುವುದನ್ನು ನಿಲ್ಲಿಸಲಿಲ್ಲ. "ಎಲೆತುಕ್ಕು ರೋಗ ಬಂದ ವರ್ಷ ನೆನಪಿದೆಯಾ ನಿನಗೆ?"

ಲಿಯೊಕಾಡಿಯಾಳ ಕಾಲು ನಿಂತಿತು.

"ನಮ್ಮೆಲ್ಲರ ತೋಟ ಬೋಳಾಯ್ತು. ನಿಮ್ಮದು ಮಾತ್ರ ಅರ್ಧ ಉಳೀತು. ಯಾರ ಪಂಪಿನಿಂದ ಉಳೀತು ಕೊಮಾದ್ರೆ? ನನ್ನ ಬಾಗಿಲಿಗೆ ಬಂದು ಇಸ್ಕೊಂಡು ಹೋದದ್ದು ನಿನ್ನ ಗಂಡ. ಹೊಳೆಯಿಂದ ನೀರು ಹೊತ್ತದ್ದು ನೀನು, ನಾನು ಮೇಲಿಂದ ಕಣ್ಣಾರೆ ನೋಡಿದೆ. ಎಂಟು ವರ್ಷ ನಾನು ಬಾಯಿ ಬಿಟ್ಟೆನಾ? ಮರುವರ್ಷ ನಿನ್ನನ್ನೇ ತಪಾಸಣೆಗೆ ಆರಿಸಿದಾಗ ನಾನೂ ಕೈ ಎತ್ತಿದೆ. ಈಗ ನನಗೋಸ್ಕರ ಒಂದು ಸಾಲು ಬರೆಯೋಕೆ ನಿನ್ನ ಕೈ ಬರಲ್ಲ."

ಅದು ಸುಳ್ಳಾಗಿರಲಿಲ್ಲ. ಆ ವರ್ಷ ಎಲೆ ಮುಟ್ಟಿದರೆ ಬೆರಳಿಗೆ ಕಿತ್ತಳೆ ಬಣ್ಣದ ಪುಡಿ ಅಂಟುತ್ತಿತ್ತು. ವಾರದೊಳಗೆ ಗಿಡಗಳು ಬರೀ ಕಡ್ಡಿಯಾಗಿದ್ದವು. ಸಂಘ ಬೇಡವೆಂದ ಔಷಧಿಯನ್ನು ಎರ್ಮೋಹೆನೆಸ್ ಪೇಟೆಯಿಂದ ತಂದು ಎರಡು ಬೆಳಗಿನ ಮಂಜಿನಲ್ಲಿ ಹೊಡೆದಿದ್ದ. ಅವಳು ನೀರು ಹೊತ್ತಿದ್ದಳು. ಆಮೇಲೆ ಇಬ್ಬರೂ ಆ ವಿಷಯ ಎತ್ತಿರಲಿಲ್ಲ. ಏಳು ವರ್ಷ ಅವಳು ಬೇರೆಯವರ ಗೊಬ್ಬರದ ಗುಂಡಿಗಳಿಗೆ ಕೋಲು ಹಾಕಿ ನೋಡಿದ್ದಳು.

ಮನೆಗೆ ಬಂದವಳು ಗಂಡನ ಮುಂದೆ ಎಲ್ಲ ಹೇಳಿ, ಅಂಗಳದಲ್ಲಿ ಆಚೆಗೂ ಈಚೆಗೂ ತಿರುಗತೊಡಗಿದಳು. ಎರ್ಮೋಹೆನೆಸ್ ಕುಕ್ಕೆ ಹೆಣೆಯುತ್ತಿದ್ದ.

"ಎಂಟು ವರ್ಷದ ಹಿಂದಿನ ಎಲೆ ಉದುರಿ ಮಣ್ಣಾಯ್ತು. ಅದನ್ನ ಯಾಕೆ ಕೆದಕ್ತೀಯ?" ಎಂದ.

"ಎಲೆ ಮಣ್ಣಾಯ್ತು. ನಾನು ವರ್ಷಾ ವರ್ಷಾ ಅದರ ಮೇಲೆ ಸಹಿ ಹಾಕ್ತಾನೇ ಬಂದೆ."

"ಇಲಾರಿಯಾಳದ್ದು ಬರೆದು ನಮ್ಮದು ಬಿಟ್ಟರೆ?"

"ಹಾಗೆ ಮಾಡಿದರೆ ನಾನು ಆ ದಾರೀಲಿ ಹೇಗೆ ನಡೀಲಿ, ನೀನೇ ಹೇಳು."

ಅವನು ಕುಕ್ಕೆಯ ಬಾಯಿ ಕಟ್ಟಿ ಮುಗಿಸಿ, ತಲೆ ಎತ್ತದೆಯೇ ಹೇಳಿದ: "ಹೇಳೋದಾದ್ರೆ ನನ್ನ ಹೆಸರು ಮೊದಲು ಹೇಳು. ಪಂಪು ಬೆನ್ನಿಗೆ ಹಾಕ್ಕೊಂಡೋನು ನಾನು. ನೀರು ಹೊತ್ತೋಳ ಹೆಸರು ಮಾತ್ರ ಹೇಳಿ ಕೂತುಬಿಡಬೇಡ."

ಭಾನುವಾರ ಸಂಘದ ಗೋದಾಮಿನಲ್ಲಿ, ಖಾಲಿ ಮೂಟೆಗಳ ಮೇಲೆ ಜನ ಕೂತಿದ್ದರು. ಅಧ್ಯಕ್ಷ ದೋನ್ ತಿಬುರ್ಸಿಯೋ ತಪಾಸಣೆಯ ಕಾಗದ ಕೇಳಿದಾಗ ಲಿಯೊಕಾಡಿಯಾ ಅದನ್ನು ಮೇಜಿನ ಮೇಲಿಟ್ಟು, ಒಂದು ಸಾಲು ಖಾಲಿ ಇದೆ ಎಂದಳು. ಮೊದಲು ಎಲೆತುಕ್ಕಿನ ವರ್ಷದ್ದು ಹೇಳಿದಳು. ಗಂಡನ ಹೆಸರು, ತನ್ನ ಹೆಸರು, ಔಷಧಿಯ ಹೆಸರು. ಪಂಪು ಯಾರದ್ದೆಂದು ಹೇಳಲಿಲ್ಲ. ಆಮೇಲೆ ಇಲಾರಿಯಾಳ ಕೆಳಗಿನ ತುಂಡಿನ ವಿಷಯ ಹೇಳಿದಳು. ಹೇಳುವಾಗ ಅವಳತ್ತ ನೋಡಲು ಪ್ರಯತ್ನಿಸಿದಳು, ಆಗಲಿಲ್ಲ.

ಇಲಾರಿಯಾ ಎದ್ದು, ಶಾಲು ಸುತ್ತಿಕೊಂಡು, ಕೂತವರ ಮೊಣಕಾಲುಗಳನ್ನು ದಾಟಿ ಹೊರಗೆ ಹೋದಳು.

ಗದ್ದಲವಾಯಿತು. ಏಳು ವರ್ಷ ನಮ್ಮ ಮನೆ ಮೂಸಿದವಳೇ ಎಂದು ಯಾರೋ ಅಂದರು. ದೋನ್ ಅನಾಕ್ಲೆತೋ ಮಾತ್ರ ಏನೂ ಗೇಲಿ ಮಾಡದೆ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತ ಕೂತಿದ್ದ. ಕಡೆಗೆ ತೀರ್ಮಾನವಾಯಿತು. ಇಲಾರಿಯಾಳ ಕೆಳಗಿನ ತುಂಡು ಮೂರು ವರ್ಷ ಹೊರಗೆ. ಲಿಯೊಕಾಡಿಯಾಳ ಈ ವರ್ಷದ ಕಾಫಿ ಮುದ್ರೆಯಿಲ್ಲದೆ ಮಾಮೂಲಿ ಮೂಟೆಗೆ. ತಪಾಸಣೆಯ ಕೆಲಸ ಅವಳಿಂದ ವಾಪಸು.

"ಒಪ್ಪಿದೆ," ಎಂದಳು ಅವಳು. "ಪೆನ್ನು ಕೊಡೋಕೆ ಮೊದಲು ಒಂದು ಮಾತಿದೆ ದೋನ್ ತಿಬುರ್ಸಿಯೋ. ಗಂಡ ಗಣಿಗೆ ಹೋದ ಹೆಂಗಸರು ನಮ್ಮಲ್ಲಿ ಹದಿನಾಲ್ಕು ಜನ ಇದಾರೆ. ನಾನು ಒಬ್ಬೊಬ್ಬರ ತೋಟದಲ್ಲೂ ನಿಂತು ಕಾಗದ ತುಂಬಿದೀನಿ. ಕಳೆ ತೆಗೆದಿದೆಯಾ ಅಂತ ಕೇಳಿದೆ. ಯಾರು ತೆಗೀತಾರೆ ಅಂತ ಒಂದು ಸಲಾನೂ ಕೇಳಲಿಲ್ಲ. ನ್ಯಾಯದ ವ್ಯಾಪಾರದವರು ಕೊಡೋ ಹೆಚ್ಚಿನ ಹಣದಲ್ಲಿ ಈ ಸಲ ಸಭೆಗೆ ಹೊಸ ಮನೆ ಅಂತಿದೀರಿ. ಅದರ ಬದಲು ಕಳೆ ತೆಗೆಯೋ ಒಂದು ತಂಡ ಕಟ್ಟಿ. ಒಂಟಿ ತೋಟಗಳಿಗೆ ಮೊದಲು ಹೋಗಲಿ."

"ಸಭೆ ಎಲ್ಲಿ ಮಾಡೋದು ಹಾಗಾದ್ರೆ?" ಎಂದ ಒಬ್ಬ.

"ಈಗ ಎಲ್ಲಿ ಮಾಡ್ತಿದೀವೋ ಅಲ್ಲೇ," ಎಂದಳು ಹಿಂದಿನ ಸಾಲಿನ ಒಬ್ಬ ಹೆಂಗಸು. "ಮೂಟೆ ಮೆತ್ತಗಿದೆ." ಹೆಂಗಸರು ನಕ್ಕರು, ಕೈಗಳೂ ಎದ್ದವು. ದೋನ್ ಅನಾಕ್ಲೆತೋನ ಕೈಯೂ ಎದ್ದಿತು.

ಇನ್ಸ್‌ಪೆಕ್ಟರ್ ಬಂದಾಗ ಅಧ್ಯಕ್ಷ ಎಲ್ಲವನ್ನೂ ತಾನೇ ಹೇಳಿದ. ಅವನು ಹತ್ತರ ಬದಲು ಮೂವತ್ತು ತೋಟ ನೋಡಿದ, ಪರೀಕ್ಷೆಗೆ ಮಣ್ಣು ಕಟ್ಟಿಕೊಂಡು ಹೋದ. ಎರಡು ತಿಂಗಳು ಇಡೀ ಕಣಿವೆ ಕಾಯಿತು. ಕೊಯ್ಲು ನಡೆಯಿತು, ತಿರುಳು ಬಿಡಿಸಿ ತೊಳೆದ ಕಾಫಿ ಕಣದಲ್ಲಿ ಒಣಗಿತು, ಯಾವ ಮೂಟೆಗೆ ತುಂಬಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ದಾರಿಯಲ್ಲಿ ಜನ ಲಿಯೊಕಾಡಿಯಾಳನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಜೂನಿನಲ್ಲಿ ಮುದ್ರೆ ಉಳಿಯಿತೆಂದು ಕಾಗದ ಬಂತು. ಅವಳ ಸ್ವಂತ ಮೂಟೆಗಳು ಮಾತ್ರ ಮಧ್ಯವರ್ತಿಯ ಲಾರಿ ಹತ್ತಿದವು. ಎರ್ಮೋಹೆನೆಸ್ ಅವನ್ನು ಒಂದೊಂದಾಗಿ ಹೊತ್ತು ಹಾಕಿದ.

ಮುಂದಿನ ಜನವರಿಯಲ್ಲಿ ತಂಡ ಹೊರಟಿತು. ಲಿಯೊಕಾಡಿಯಾ ಸೇರಿ ಏಳು ಹೆಂಗಸರು, ಮೂವರು ಗಂಡಸರು, ಎಲ್ಲರ ಮುಂದೆ ಅವಳೇ. ಒಂದು ತೋಟ ಮುಗಿಯುವ ಮೊದಲೇ ಅವಳು ಮುಂದಿನ ತೋಟದ ದಾರಿ ನೋಡುತ್ತಿದ್ದಳು. ಉಳಿದವರು ಶಪಿಸುತ್ತ ಹಿಂಬಾಲಿಸುತ್ತಿದ್ದರು. ಇಲಾರಿಯಾಳ ಬೇಲಿಯ ಬಳಿ ಹೋದಾಗ ಅವಳು ಬಾಗಿಲಿಗೆ ಬಂದು, "ನನ್ನ ಕಳೆ ನಾನು ನೋಡ್ಕೋತೀನಿ," ಎಂದು ಒಳಗೆ ಹೋದಳು. ಎರಡನೆಯ ವರ್ಷ ಕೆಳಗಿನ ತುಂಡಿನ ಕಾಫಿ ಕಿತ್ತು ಕೋಕಾ ನೆಟ್ಟಳು. ಎದುರು ಬೆಟ್ಟದಿಂದ ಅದು ಎಳೆಹಸಿರು ತೇಪೆಯಂತೆ ಕಾಣುತ್ತಿತ್ತು. ಲಿಯೊಕಾಡಿಯಾ ಅದನ್ನು ನೋಡಿದ ದಿನ ಹೊತ್ತು ಮುಳುಗುವವರೆಗೆ ಸುಮ್ಮನೆ ಹೊಳೆಯುದ್ದಕ್ಕೂ ನಡೆದಳು. ತಾನು ಬಾಯಿ ಮುಚ್ಚಿಕೊಂಡಿದ್ದರೆ ಆ ಗಿಡಗಳು ನಿಂತಿರುತ್ತಿದ್ದವೇ? ಇಂದಿಗೂ ಅವಳಿಗೆ ಅದು ಗೊತ್ತಿಲ್ಲ.

ಮೂರನೆಯ ವರ್ಷ ಮಳೆ ಜೋರಾಗಿ ಕಳೆ ಎದೆಮಟ್ಟ ಬಂತು. ತಂಡ ಆ ದಾರಿಯಲ್ಲಿ ಹೋಗುವಾಗ ಇಲಾರಿಯಾ ಬೇಲಿಗೆ ಒರಗಿ ನಿಂತಿದ್ದಳು.

"ಮೇಲಿನ ತುಂಡು ಇನ್ನೂ ಇದೆ," ಎಂದಳು, ಯಾರನ್ನೂ ನೋಡದೆ. "ಬರೋದಾದ್ರೆ ಬನ್ನಿ. ಊಟ ನಂದು."

ಎರಡು ದಿನದ ಕೆಲಸವಾಯಿತು. ಇಲಾರಿಯಾಳೂ ಕತ್ತಿ ಹಿಡಿದು ಇಳಿದಳು. ಅವಳ ಕೈ ಎಲ್ಲರಿಗಿಂತ ಚುರುಕು. ಮಧ್ಯಾಹ್ನ ಹಿಮದಲ್ಲಿ ಒಣಗಿಸಿದ ಆಲೂಗಡ್ಡೆಯ ಸಾರು ಬಡಿಸುವಾಗ ಲಿಯೊಕಾಡಿಯಾಳ ಬಟ್ಟಲಿಗೆ ಹೆಚ್ಚೂ ಹಾಕಲಿಲ್ಲ, ಕಡಿಮೆಯೂ ಹಾಕಲಿಲ್ಲ.

ಆ ಸಭೆಯ ವಿಷಯ ಇಬ್ಬರೂ ಇದುವರೆಗೆ ಆಡಿಲ್ಲ. ತಪಾಸಣೆಯ ಕೆಲಸ ಮತ್ತೆ ತೆಗೆದುಕೋ ಎಂದು ಸಂಘ ಕರೆದಾಗ ಲಿಯೊಕಾಡಿಯಾ ಬೇಡವೆಂದಳು. ತಂಡದಲ್ಲಿ ಈಗ ಹನ್ನೊಂದು ಜನ, ಹನ್ನೊಂದನೆಯವಳು ಇಲಾರಿಯಾ. ಹೋದ ಫೆಬ್ರವರಿಯಲ್ಲಿ ಕಣಿವೆಯ ತುದಿಯ ತೋಟಕ್ಕೆ ಹೊರಟಾಗ ಏರಿನಲ್ಲಿ ಲಿಯೊಕಾಡಿಯಾ ನಾಲ್ಕು ಸಲ ಹಿಂದಕ್ಕೆ ತಿರುಗಿ ಎಲ್ಲರಿಗೂ ಬೇಗ ಬೇಗ ಎಂದಳು.

"ನಡೀತಿದೀವಲ್ಲ ಕೊಮಾದ್ರೆ," ಎಂದಳು ಇಲಾರಿಯಾ ಏದುಸಿರು ಬಿಡುತ್ತ. "ಕಳೆ ಎಲ್ಲಿಗೂ ಓಡಿಹೋಗಲ್ಲ."