ತುಳಿಯೋ ಕಾಲು, ಒದೆಯೋ ಕಾಲು

ಕಾಕಾರ ಬಲಗಾಲಿನ ಮೊಣಕಾಲ ಚಿಪ್ಪು ಇರಬೇಕಾದ ಜಾಗದಲ್ಲಿ ಇರಲಿಲ್ಲ. ಒಂದು ಬೆರಳಿನಷ್ಟು ಹೊರಗೆ ಸರಿದು, ಬಾತು, ಬೇಲದ ಕಾಯಿಯಂತೆ ಗುಂಡಗೆ ಕಾಣುತ್ತಿತ್ತು. ಕಟ್ಟೆಯ ಮೇಲೆ ಕೂಡುವಾಗ ಆ ಕಾಲನ್ನು ಎರಡೂ ಕೈಯಿಂದ ಎತ್ತಿ, ನಿದ್ದೆ ಹತ್ತಿದ ಕೂಸನ್ನು ಮಲಗಿಸುವ ಹಾಗೆ ಮುಂದೆ ಚಾಚಿ ಇಡುತ್ತಿದ್ದರು. ಏಳುವಾಗ ಅದು ‘ಕಟಕ್’ ಎನ್ನುತ್ತಿತ್ತು. ಸಣ್ಣವರಿದ್ದಾಗ ನಾವು ಆ ಸಪ್ಪಳಕ್ಕೇ ಕಾದು ಕುಳಿತು “ಕಾಕಾ ಎದ್ರು!” ಎಂದು ಕೂಗುತ್ತಿದ್ದೆವು. ಅವರು ಬಡಿಗೆ ಎತ್ತಿ “ನಿಮ್ಮ ಕಾಲೂ ಒಂದಿನ ಮಾತಾಡ್ತಾವ, ತಡೀರಿ ಮಕ್ಕಳ್ರ್ಯಾ” ಎಂದು ಹೆದರಿಸುತ್ತಿದ್ದರು. ಸಿಟ್ಟು ಮಾತ್ರ ಎಂದೂ ಬರುತ್ತಿರಲಿಲ್ಲ.

ಅವರು ನನಗೆ ಸ್ವಂತ ಕಾಕಾ ಅಲ್ಲ. ಗಜೇಂದ್ರಗಡದ ನಮ್ಮ ನೇಕಾರ ಓಣಿಗೆಲ್ಲ ಕಾಕಾ. ಹರೆಯದಲ್ಲಿ ಮುಂಬೈಗೆ ಹೋಗಿ ಅಲ್ಲಿನ ಒಂದು ಬಟ್ಟೆ ಗಿರಣಿ ಸೇರಿ, ಗಿರಣಿಯ ಫುಟ್‌ಬಾಲ್ ತಂಡದಲ್ಲಿ ಆಡಿದವರು. ಹೋಗುವಾಗ ಎರಡು ಗಟ್ಟಿ ಕಾಲು ಒಯ್ದಿದ್ದರು, ಬರುವಾಗ ಒಂದೂವರೆ ಕಾಲು ಮತ್ತು ಒಂದು ಚರ್ಮದ ಚೆಂಡು ತಂದರು ಎಂದು ನನ್ನ ಅವ್ವ ಹೇಳುತ್ತಿದ್ದಳು. ಏನಾಯಿತು ಎಂದು ಯಾರಾದರೂ ಕೇಳಿದರೆ “ಆಟ ಆಡಿದ್ನಿ, ಆತು” ಎಂದಷ್ಟೇ ಹೇಳಿ ಎಲೆಅಡಿಕೆ ಚೀಲಕ್ಕೆ ಕೈ ಹಾಕುತ್ತಿದ್ದರು.

ಐವತ್ತರ ದಶಕದ ಆ ದಿನಗಳಲ್ಲಿ ನಮ್ಮ ಸುತ್ತ ಫುಟ್‌ಬಾಲಿನ ಹುಚ್ಚು ಹತ್ತಿತ್ತು. ನರಗುಂದದವರು ಒಂದು ತಂಡ ಕಟ್ಟಿದರು, ರೋಣದವರು ಕಟ್ಟಿದರು. ನಾವೇನು ಕಡಿಮೆ? ಕಾಕಾರ ಚೆಂಡು ಇತ್ತು, ಗುಡ್ಡದ ಬುಡದಲ್ಲಿ ಬಯಲು ಇತ್ತು, ಕಾಲಲ್ಲಿ ಕಸುವು ಇತ್ತು. ದೀಪಾವಳಿಯಿಂದ ಹೋಳಿಹುಣ್ಣಿಮೆಯ ತನಕ ಆಟದ ಸೀಜನ್ನು. ಹನ್ನೊಂದು ಮಂದಿಯೂ ನೇಕಾರರೇ. ಹಗಲೆಲ್ಲ ಕುಣಿಮಗ್ಗದ ಕುಣಿಯಲ್ಲಿ, ಅಂದರೆ ನೆಲ ತೋಡಿದ ತಗ್ಗಿನಲ್ಲಿ, ಕಾಲು ಇಳಿಬಿಟ್ಟು ಹಲಗೆ ತುಳಿಯುವುದು, ಸಂಜೆ ಬಯಲಿಗೆ ಓಡಿ ಚೆಂಡು ಒದೆಯುವುದು. ಮಗ್ಗ ಹೊಟ್ಟೆಗೆ, ಆಟ ಖುಷಿಗೆ, ಎರಡಕ್ಕೂ ಸಂಬಂಧವಿಲ್ಲ ಎಂದು ನಾವು ತಿಳಿದಿದ್ದೆವು.

ಕಾಕಾ ಮೊದಲ ದಿನವೇ ನಮ್ಮನ್ನು ಸಾಲಾಗಿ ಕೂಡಿಸಿ ಅಂದರು: “ತುಳಿಯೋ ಕಾಲೂ ಅದಽ, ಒದೆಯೋ ಕಾಲೂ ಅದಽ. ದೇವರು ನಿಮಗ ಎರಡು ಜೋಡಿ ಕೊಟ್ಟಿಲ್ಲ. ನೀವು ಮಗ್ಗದಾಗ ಏನು ಮಾಡಿ ಬಂದ್ರಿ ಅನ್ನೂದು ಮೊದಲು ನನಗ ಗೊತ್ತಾಗಬೇಕು. ಆಮ್ಯಾಲ ಚೆಂಡು.”

ಅವರ ಲೆಕ್ಕದ ರೀತಿಯೇ ಬೇರೆ. ಆಟಕ್ಕೆ ಮೊದಲೂ ಮುಗಿದ ಮೇಲೂ ಒಬ್ಬೊಬ್ಬರನ್ನೂ ಕರೆದು “ಎಷ್ಟು?” ಎಂದು ಕೇಳುತ್ತಿದ್ದರು. ಅಂದಿನ ದಣಿವು ಎಷ್ಟು ಎಂಬುದನ್ನು ಕಾಳು ಅಳೆಯುವ ಮಾಪಿನಲ್ಲಿ ಹೇಳಬೇಕು. ಹಗುರಾಗಿದ್ದರೆ ಪಾವು, ನಡುವೆ ಇದ್ದರೆ ಅಚ್ಚೇರು, ಸೋತು ಸುಣ್ಣವಾಗಿದ್ದರೆ ಸೇರು. “ಮಗ್ಗ ಒಂದು ಸೇರು, ಆಟ ಒಂದು ಸೇರು ಅಂದ್ರ ಚೀಲ ಹರೀತೈತಿ” ಎನ್ನುತ್ತಿದ್ದರು. ಮಗ್ಗದಲ್ಲಿ ಸೇರು ಆದವನಿಗೆ ಸಂಜೆ ಬರೇ ನಡಿಗೆ. ಮಗ್ಗ ಪಾವು ಆದವನಿಗೆ ಗುಡ್ಡ ಹತ್ತುವ ಓಟ.

ನಾವು ಸತ್ಯ ಹೇಳುತ್ತಿದ್ದೆವೇ? ರಾಮ ರಾಮ! ಸೇರು ಅಂದರೆ ಆಟಕ್ಕೆ ಬಿಡುವುದಿಲ್ಲವಲ್ಲ! ನಿಲ್ಲಲು ಆಗದೆ ಕಾಲು ನಡುಗುತ್ತಿದ್ದರೂ ಎದೆ ಉಬ್ಬಿಸಿ “ಪಾವು, ಕಾಕಾ” ಎನ್ನುತ್ತಿದ್ದೆವು. ಕಾಕಾ ಹೂಂ ಎಂದು ತಲೆ ಆಡಿಸುತ್ತಿದ್ದರು. ನಂಬಿದರು ಎಂದುಕೊಂಡರೆ ನಾವು ಹುಚ್ಚರು.

ಮರುದಿನ ಬೆಳಿಗ್ಗೆ ಬಡಿಗೆ ಊರುತ್ತ ಓಣಿಯಲ್ಲಿ ಒಂದು ಸುತ್ತು ಬರುತ್ತಿದ್ದರು. ಯಾರ ಮನೆಗೂ ಒಳಗೆ ಬರುವುದಿಲ್ಲ. ಆಟಗಾರನ ಮನೆಯ ಗೋಡೆಯ ಹೊರಗೆ ನಿಂತು, ಕಣ್ಣು ಮುಚ್ಚಿ, ಮಗ್ಗದ ಸಪ್ಪಳ ಕೇಳುವುದು. ಎಡಗಾಲಿನ ಹಲಗೆ, ಬಲಗಾಲಿನ ಹಲಗೆ, ನಡುವೆ ಲಾಳಿಯ ಓಟ. ದಣಿದವನ ಮಗ್ಗ ಒಂದು ಕಾಲಿಗೆ ತಡವರಿಸುತ್ತದೆ. ಮನುಷ್ಯ ಪಾವು ಅಂದರೂ ಮಗ್ಗ ಸೇರು ಅನ್ನುತ್ತದೆ. ಅಷ್ಟಕ್ಕೂ ಸಮಾಧಾನ ಆಗದಿದ್ದರೆ ನೀರು ತುಂಬುತ್ತಿದ್ದ ನಮ್ಮ ಅವ್ವಂದಿರನ್ನು ವಿಚಾರಿಸುತ್ತಿದ್ದರು: “ತಂಗೀ, ನಿನ್ನ ಮಗ ನಿನ್ನೆ ರಾತ್ರಿ ರೊಟ್ಟಿ ಬಿಟ್ಟನೇನು?” ದುಡಿಯುವ ಹುಡುಗ ತಾಟಿನಲ್ಲಿ ರೊಟ್ಟಿ ಬಿಟ್ಟ ಅಂದರೆ ಅವನು ಸೋತಿದ್ದಾನೆ ಎಂದೇ ಅರ್ಥ. ಸಂಜೆ ನಾವು ಹೋದರೆ ತೀರ್ಪು ಮೊದಲೇ ತಯಾರು. ನನಗಂತೂ ಈ ಮನುಷ್ಯ ನಮ್ಮ ಅವ್ವನ ಬಾಯಿ ಬಿಡಿಸುತ್ತಾನಲ್ಲ ಎಂದು ಮೈ ಉರಿಯುತ್ತಿತ್ತು.

ಒಂದು ವರ್ಷ ನರಗುಂದದಲ್ಲಿ ಪಂದ್ಯ. ಹುಡುಗರು ದಣಿದಿದ್ದಾರೆ, ಮಗ್ಗದ ಕೆಲಸ ತುಸು ಕಡಿಮೆ ಮಾಡಿರಿ ಎಂದು ಕಾಕಾ ಓಣಿಯ ಹಿರಿಯರಿಗೆ ಹೇಳಿದರು. ನಮ್ಮವರ ಅಂತಃಕರಣ ಕೇಳಬೇಕೆ? ತುಸು ಯಾಕೆ, ಪೂರಾ ನಿಲ್ಲಿಸಿಬಿಡೋಣ ಎಂದು ಕುಣಿದರು. ಹೆಚ್ಚು ಕಡಿಮೆ ಒಂದು ವಾರ ಹನ್ನೊಂದು ಮಂದಿಯನ್ನೂ ಕುಣಿಗೆ ಇಳಿಸಲೇ ಇಲ್ಲ. ಮನೆಮನೆಯಲ್ಲಿ ಹೋಳಿಗೆ, ತುಪ್ಪ, ಮಧ್ಯಾಹ್ನದ ನಿದ್ದೆ. “ಅಳಿಯಂದಿರೂ ಇಷ್ಟು ಉಣ್ಣೂದಿಲ್ಲ” ಎಂದು ಅವ್ವ ನಗುತ್ತಲೇ ಬಡಿಸಿದಳು. ಕಾಕಾ ಒಂದೆರಡು ಸಲ ಬ್ಯಾಡ ಎಂದು ನೋಡಿ, ಆಮೇಲೆ ಸುಮ್ಮನಾದರು.

ನರಗುಂದದ ಬಯಲಿಗೆ ಇಳಿದರೆ ಕಾಲು ನಮ್ಮವಲ್ಲ! ದಿನವಿಡೀ ತುಳಿದು ರೂಢಿಯಾದ ಕಾಲು ಒಮ್ಮೆಲೇ ಕೆಲಸವಿಲ್ಲದೆ ಒಣಗಿದ ತೊಗಲಿನಂತೆ ಬಿಗಿದುಕೊಂಡಿದ್ದವು. ಚೆಂಡು ಒಂದು ಕಡೆ, ನಾವು ಒಂದು ಕಡೆ. ನರಗುಂದದ ಮಂದಿ “ಗಜೇಂದ್ರಗಡದವ್ರು ಬೀಗರಾಗಿ ಬಂದಾರ, ಕುಂದರಾಕ ಚಾಪಿ ಹಾಸ್ರೋ” ಎಂದು ಹುಯಿಲೆಬ್ಬಿಸಿದರು. ಸೋತು ಬಸ್ಸಿನಲ್ಲಿ ತಲೆ ತಗ್ಗಿಸಿ ಕೂತಾಗ ಕಾಕಾ ಅಂದರು: “ತಪ್ಪು ನಂದು. ಬ್ಯಾಡ ಅಂತ ಗಟ್ಟಿಯಾಗಿ ಹೇಳಲಿಲ್ಲ. ಭಾರ ಇಳಸೂದು ಬ್ಯಾರೆ, ಕೆಲಸ ಬಿಡಸೂದು ಬ್ಯಾರೆ.” ಮರುದಿನ ನಾವೆಲ್ಲ ಮಗ್ಗಕ್ಕೆ ಇಳಿದೆವು.

ಆ ಸೀಜನ್ನಿನ ಕಡೆಯ ಪಂದ್ಯ ರೋಣದಲ್ಲಿ. ಹುಬ್ಬಳ್ಳಿಯ ಒಂದು ಗಿರಣಿಯವರು ತಮ್ಮ ತಂಡಕ್ಕೆ ಹುಡುಗರನ್ನು ಆರಿಸಲು ಅಲ್ಲಿಗೆ ಬರುತ್ತಾರೆ ಎಂದು ಸುದ್ದಿ ಹಬ್ಬಿತು. ಅವರ ಕಣ್ಣಿಗೆ ಬಿದ್ದರೆ ಖಾಯಂ ನೌಕರಿ, ಜೊತೆಗೆ ಆಟ. ನನಗೆ ಅನ್ನ ಸೇರದಾಯಿತು. ಆಟವೇ ಉದ್ಯೋಗ ಆಗುವುದು ಅಂದರೆ ಏನು ಸಾಮಾನ್ಯವೇ? ಆದರೆ ಹಣೆಬರಹ ನೋಡಿ, ಆಟದ ಕಡೆಯ ದಿನಗಳು ಅಂದರೆ ಲಗ್ನದ ಸೀರೆಗಳ ಗಡಿಬಿಡಿಯ ದಿನಗಳೂ ಹೌದು. ಅಸೂಟಿಯ ಒಂದು ಮನೆಯ ಮದುಮಗಳ ಸೀರೆ ನಮ್ಮ ಮಗ್ಗದ ಮೇಲಿತ್ತು. ಅದೇ ಹೊತ್ತಿಗೆ ಅಪ್ಪನ ಬಲಗೈಗೆ ಕುರು ಎದ್ದು ಅವನು ಲಾಳಿಯ ಹಗ್ಗ ಮುಟ್ಟುವಂತಿರಲಿಲ್ಲ. ಅವನ ಪಾಲು, ನನ್ನ ಪಾಲು ಎರಡನ್ನೂ ನಾನೇ ನೇಯ್ದು, ಸಾಲದ್ದಕ್ಕೆ ಸಂಜೆ ಎಲ್ಲರಿಗಿಂತ ಹೆಚ್ಚು ಓಡುತ್ತಿದ್ದೆ. ಕೇಳಿದರೆ “ಪಾವು, ಕಾಕಾ.”

ಒಂದು ಮುಂಜಾನೆ ಬಾಗಿಲಲ್ಲಿ ಬಡಿಗೆಯ ಸಪ್ಪಳ. ಎಂದೂ ಒಳಗೆ ಬಾರದ ಕಾಕಾ ಬಾಗಿಲು ದಾಟಿ ಮಗ್ಗದ ಹತ್ತಿರ ಬಂದು ನಿಂತಿದ್ದರು. ಕೈಯಲ್ಲಿ ಒಂದು ದಪ್ಪ ಹಗ್ಗ.

“ಏಳು ಮ್ಯಾಲ.”

“ಕಾಕಾ, ಮದುಮಗಳ ಸೀರಿರಿ ಇದು. ತಡಾ ಆದ್ರ ಮಾತು ಬರತೈತಿ.”

“ನಿನ್ನ ಎಡಗಾಲು ಹಿಂದ ಬೀಳಾಕತ್ತೈತಿ. ಓಣಿಗೆಲ್ಲ ಕೇಳತೈತಿ. ಏಳಲೇ ಅಂದ್ರ!”

ನಾನು ಎದ್ದೆ. ಅವರು ಹಗ್ಗವನ್ನು ಕುಣಿಯ ಮೇಲಿನ ತೊಲೆಗೆ ಕಟ್ಟಿದರು, ಒಂದು ಸಲ ಜಗ್ಗಿ ನೋಡಿದರು, ಅದನ್ನೇ ಹಿಡಿದು ಜೋತು ಕುಣಿಗೆ ಇಳಿದರು. ಕಟಕ್. ಮುಖ ಹಿಂಡಿದ ಹಾಗಾಯಿತು. ಅಪ್ಪ ಬಟ್ಟೆ ಸುತ್ತಿದ ಕೈ ಎದೆಗೆ ಅವಚಿಕೊಂಡು ಓಡಿಬಂದ.

“ಅಣ್ಣಾ, ಏನು ಮಾಡಾಕತ್ತೀರಿ? ಆ ಕಾಲಿಲೆ ತುಳೀತೀರೇನು?”

“ಇದು ಹೋದ ಕಾಲು ತಮ್ಮಾ. ಹೋದ ಕಾಲು ತುಳೀಲಿ, ಇದ್ದ ಕಾಲು ಉಳೀಲಿ.”

ಅವ್ವ ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆ ದಿನ, ಮುಂಬೈಯಲ್ಲಿ ಏನಾಯಿತೆಂದು ಕಾಕಾ ಲಾಳಿ ಓಡಿಸುತ್ತಲೇ ಹೇಳಿದರು. ಹಗಲು ಗಿರಣಿಯಲ್ಲಿ ನಿಂತು ದುಡಿತ, ಸಂಜೆ ಆಟ, ಮರುದಿನ ಮತ್ತೆ ದುಡಿತ. ತಂಡದವರು ಆಟವನ್ನಷ್ಟೇ ನೋಡಿದರು, ಗಿರಣಿಯ ಖಾತೆಯ ಮೇಲಿನವರು ಕೆಲಸವನ್ನಷ್ಟೇ ನೋಡಿದರು. ನಡುವೆ ಇದ್ದ ಕಾಲನ್ನು ಯಾರೂ ಕೇಳಲಿಲ್ಲ. ಒಂದು ಸಂಜೆ ಯಾರೂ ಮುಟ್ಟದೆ, ಬಯಲ ನಡುವೆ, ಅದು ತಾನಾಗಿಯೇ ಹೋಯಿತು. “ನಾನೂ ಪಾವು ಪಾವು ಅಂತಿದ್ನಿ, ನಿನ್ನಂಗ” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ನರಗುಂದದ ಪಾಠ ಅವರು ಮರೆತಿರಲಿಲ್ಲ. ಮುಂಜಾನೆ ತುಸು ಹೊತ್ತು ನಾನು ತುಳಿಯಬೇಕು, ಕಾಲು ಬಿಗಿಯಬಾರದು. ಉಂಡ ಮೇಲೆ ಅವರು ಇಳಿಯಬೇಕು. ಸೀರೆ ಮುಗಿಯುವ ತನಕ ಹೀಗೇ ನಡೆಯಿತು. ಸಂಜೆ ಹಗ್ಗ ಹಿಡಿದು ಮೇಲೆ ಬರುವಾಗ ಅವರ ಅಂಗಿ ಬೆವರಿಗೆ ಮೈಗೆ ಅಂಟಿರುತ್ತಿತ್ತು. ನಾನು ಕೈ ಕೊಡಲು ಹೋದರೆ “ನಿನ್ನ ಕಸುವು ರೋಣಕ್ಕ ಇಟ್ಕೋ” ಎಂದು ಬೈಯುತ್ತಿದ್ದರು. ಮದುಮಗಳ ಸೀರೆ ಹೇಳಿದ ದಿನಕ್ಕೆ ಅಸೂಟಿ ಸೇರಿತು.

ರೋಣದ ಬಯಲಲ್ಲಿ ಗಿರಣಿಯ ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕಾಕಾ ನನ್ನ ಮೀನಖಂಡವನ್ನು ಹೆಬ್ಬೆಟ್ಟಿನಿಂದ ಒತ್ತಿ ನೋಡಿ “ಇನ್ನೂ ಅಚ್ಚೇರು ಐತಿ. ಮೊದಲರ್ಧ ಹಿಂದ ನಿಂತು ಆಡು” ಅಂದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಾಹೇಬರು ನೋಡುವುದು ಮುಂದೆ ನುಗ್ಗುವವರನ್ನು; ನಾನು ಹಿಂದೆ ಹೊಲದ ಬೆರ್ಚಪ್ಪನ ಹಾಗೆ ನಿಲ್ಲಬೇಕೆ? ಹಲ್ಲು ಕಚ್ಚಿ ನಿಂತೆ. ಅರ್ಧ ಆಟ ಮುಗಿದಾಗ ರೋಣದ ಹುಡುಗರು ಸೊಂಟದ ಮೇಲೆ ಕೈ ಇಟ್ಟು ಏದುಸಿರು ಬಿಡುತ್ತಿದ್ದರು. ಆಗ ಕಾಕಾ ಬಡಿಗೆ ಎತ್ತಿ ಮುಂದೆ ತೋರಿಸಿದರು. “ಈಗ ಹೋಗು!”

ಆ ಓಟ ಇಂದಿಗೂ ನನ್ನ ಮೈಯಲ್ಲಿದೆ. ಕಾಲು ನೆಲಕ್ಕೆ ತಾಗಿದ ನೆನಪೇ ಇಲ್ಲ. ಆಟ ಮುಗಿಯಲು ಬಂದಾಗ ನಾನು ಒದ್ದ ಚೆಂಡು ಒಳಗೆ ಹೋಯಿತು, ನಾವು ಗೆದ್ದೆವು. ಸಾಹೇಬರು ಎದ್ದು ಬಂದು ಬೆನ್ನು ತಟ್ಟಿ, ಹುಬ್ಬಳ್ಳಿಗೆ ಬಾ ಎಂದರು. ನಾನು ಹೂಂ ಎನ್ನುವಷ್ಟರಲ್ಲಿ ಕಾಕಾ ಕುಂಟುತ್ತ ನಡುವೆ ಬಂದು ನಿಂತರು.

“ಒಂದು ಮಾತು ಕೇಳೂದೈತ್ರಿ, ಸಾಹೇಬ್ರ. ಪಂದ್ಯದ ಮುಂಚಿನ ದಿನ ಇವಗ ಅರ್ಧ ಕೆಲಸ ಕೊಡ್ತೀರೋ, ಪೂರಾ ಕೊಡ್ತೀರೋ?”

ಸಾಹೇಬರು ಕಕ್ಕಾಬಿಕ್ಕಿಯಾದರು. “ಅದನ್ನೆಲ್ಲ ಆಮೇಲೆ ನೋಡೋಣ” ಎಂದರು.

“ಆಮ್ಯಾಲ ಅಲ್ರಿ, ಈಗ. ಅರ್ಧ ಅಂದ್ರ ಕರಕೊಂಡು ಹೋಗ್ರಿ. ಪೂರಾ ಅಂದ್ರ ಹುಡುಗನ್ನ ಕಳಸೂದಿಲ್ಲ.”

ಬಾಯಿಗೆ ಬಂದ ತುತ್ತನ್ನು ಈ ಮುದುಕ ಒದೆಯುತ್ತಿದ್ದಾನಲ್ಲ ಎಂದು ಅಳು ಬಂತು. ಅವರ ಅಂಗಿ ಹಿಡಿದು ಜಗ್ಗಿದೆ. ಅವರು ತಿರುಗಿಯೂ ನೋಡಲಿಲ್ಲ. ಧೋತರ ಸರಿಸಿ ಆ ಬೇಲದ ಕಾಯಿಯನ್ನು ಸಾಹೇಬರಿಗೆ ತೋರಿಸಿದರು.

“ನನ್ನ ಕಾಲು ಕೇಳಾಕ ಆವತ್ತು ಯಾರೂ ಇರಲಿಲ್ರಿ. ಇವನ ಕಾಲು ಕೇಳಾಕ ನಾ ಅದೀನಿ.”

ಸಾಹೇಬರು ಬಗ್ಗಿ ಆ ಮೊಣಕಾಲನ್ನು ನೋಡಿದರು. ಅವರೂ ಒಂದು ಕಾಲಕ್ಕೆ ಆಡಿದವರೇ ಇರಬೇಕು. “ಅರ್ಧ ಕೆಲಸ. ಮಾತು ಕೊಟ್ಟೆ” ಎಂದರು. ಆ ಮಾತನ್ನು ಕಡೆಯ ತನಕ ನಡೆಸಿಕೊಟ್ಟರು ಕೂಡ. ನನಗಷ್ಟೇ ಅಲ್ಲ, ಮುಂದೆ ತಂಡದ ಎಲ್ಲರಿಗೂ ಅದೇ ರಿವಾಜು ಆಯಿತು.

ಹುಬ್ಬಳ್ಳಿಯಲ್ಲಿ ಎಷ್ಟೋ ಸೀಜನ್ನು ಆಡಿದೆ. ಊರಿಗೆ ಬಂದಾಗಲೆಲ್ಲ ಕಾಕಾ ಮೊದಲು ನನ್ನ ಮೀನಖಂಡ ಒತ್ತಿ, ಆಮೇಲೆ ಮುಖ ನೋಡುತ್ತಿದ್ದರು. ಕಡೆಯ ಸಲ ಅವರು ಹಾಸಿಗೆ ಹಿಡಿದಿದ್ದಾರೆ ಎಂದು ಸುದ್ದಿ ಬಂದು ಸಿಕ್ಕ ಬಸ್ಸು ಹತ್ತಿ ಓಡಿಬಂದೆ. ಕಣ್ಣು ತೆರೆದರು, ಕೈ ತಡಕಾಡಿ ನನ್ನ ಕಾಲು ಹುಡುಕಿತು. ಹೆಬ್ಬೆಟ್ಟಿನಲ್ಲಿ ಒತ್ತುವ ಬಲ ಇರಲಿಲ್ಲ.

“ಎಷ್ಟು?” ಎಂದರು.

“ಸೇರು, ಕಾಕಾ” ಎಂದೆ.

“ಅಂತೂ ಖರೇ ಹೇಳಿದೆಲ್ಲೋ” ಎಂದು ನಕ್ಕರು. “ಹಂಗಾರ ಇವತ್ತು ಆಟ ಬ್ಯಾಡ. ಇಲ್ಲೇ ಬಾಜೂಕ ಕುಂದ್ರು.”

ಕುಳಿತೆ. ಅವರು ಹೋಗುವ ತನಕ ಏಳಲಿಲ್ಲ.

ಗಿರಣಿ ಬಿಟ್ಟು ಊರಿಗೆ ಮರಳಿ, ಅಪ್ಪನ ಮಗ್ಗಕ್ಕೇ ಕೂತು ಎಷ್ಟೋ ವರ್ಷವಾಯಿತು. ತಲೆ ಬೆಳ್ಳಗಾಗಿದೆ, ಹಲ್ಲು ಒಂದೊಂದೇ ಕೈಕೊಟ್ಟಿವೆ. ಕುಣಿಯ ಮೇಲಿನ ತೊಲೆಯಲ್ಲಿ ಕಾಕಾ ಕಟ್ಟಿದ ಹಗ್ಗ ಇನ್ನೂ ಇದೆ. ಅಪ್ಪ ಬಿಚ್ಚಲಿಲ್ಲ, ನಾನೂ ಬಿಚ್ಚಿಲ್ಲ. ಕೆಲಸ ಮುಗಿದ ಮೇಲೆ ದಿನಾ ಅದನ್ನೊಮ್ಮೆ ನೋಡುತ್ತೇನೆ. ಆಮೇಲೆ ಅದನ್ನು ಹಿಡಿಯದೆ ಮೇಲೆ ಏಳುತ್ತೇನೆ.