ತೊಳೆಯದೆ ಇಟ್ಟ ತಾಟು

ನಮ್ಮ ಅತ್ತೆ ಉಂಡು ಕೈ ತೊಳೆದವರೇ ಹೊರಗಿನ ಕಟ್ಟೆಗೆ ಹೋಗಿ ಕೂರುತ್ತಿದ್ದರು. ಅಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ ಮಗ್ಗುಲ ಮನೆಯಾಕೆಗೆ, "ಮುಂಜಾನಿಂದ ಹೊಟ್ಟಿಗೇನಿಲ್ಲವ್ವ. ನಮ್ಮ ಸೊಸಿ ಕೂಳು ಹಾಕಂಗಿಲ್ಲ" ಎನ್ನುತ್ತಿದ್ದರು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಘಾಟಿಗಿಂತ ಬೇಗ ಹಬ್ಬುವುದು ಇಂಥ ಮಾತು. ಎಂಬತ್ತರ ದಶಕ ಮುಗಿಯುವಷ್ಟರಲ್ಲಿ ಇಡೀ ಓಣಿಗೆ ನಾನು ಅತ್ತೆಯನ್ನು ಉಪವಾಸ ಕೆಡವಿದ ಸೊಸೆ. ಎರಡು ರೊಟ್ಟಿ, ಪುಂಡಿಪಲ್ಯ ಬಡಿಸಿ ಉಣ್ಣಿಸಿದವಳಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ಸಾಕ್ಷಿಗಿರಲೆಂದು ಅವರು ಉಂಡ ತಾಟನ್ನು ತೊಳೆಯದೆ ಇಡತೊಡಗಿದೆ. ಹಸಿವು ಎಂದಾಗ ತಂದು ಕಟ್ಟೆಯ ಮೇಲೆ ಇಡುತ್ತಿದ್ದೆ. ಮಗ್ಗುಲ ಮನೆಯಾಕೆ ನೋಡಿ, "ಮುಸುರಿ ತಾಟು ಸಂಜಿತನಾ ಹಂಗ ಇಡ್ತೀಯಲ್ಲ, ಮನ್ಯಾಗ ಲಕ್ಷ್ಮಿ ಹ್ಯಾಂಗ ನಿಲ್ತಾಳ?" ಎಂದಳು. ಮನೆಯ ಲಕ್ಷ್ಮಿಯನ್ನು ಓಡಿಸುವವಳು ಎಂಬ ಹೆಸರೂ ಬಂತು.

ಒಂದು ಸಂಗತಿ ನನ್ನ ಕಣ್ಣಿಗೆ ಮಾತ್ರ ಬಿದ್ದಿತ್ತು. ಅತ್ತೆಗೆ ಆಗಾಗ ಉರಿಮೂತ್ರವಾಗಿ ಜ್ವರ ಬರುತ್ತಿತ್ತು. ನಾಚಿಕೊಂಡು ಹೇಳುತ್ತಿರಲಿಲ್ಲ, ಸೀರೆ ಒಗೆಯುವ ನನಗೆ ಗೊತ್ತಾಗುತ್ತಿತ್ತು. ಜ್ವರ ಇಳಿಯುತ್ತಿತ್ತು, ಆ ಜ್ವರದಲ್ಲಿ ಹೋದ ನೆನಪು ತಿರುಗಿ ಬರುತ್ತಿರಲಿಲ್ಲ. ಒಂದು ಜ್ವರಕ್ಕೆ ಬಚ್ಚಲ ದಾರಿ ಮರೆತರು, ಇನ್ನೊಂದಕ್ಕೆ ಮಗನ ಹೆಸರು.

ಗಂಡನಿಗೆ ಹೇಳಿದೆ. "ಮೂತ್ರಕ್ಕೂ ತಲೀಗೂ ಏನ್ ಸಂಬಂಧ ಐತಿ, ಶ್ಯಾಣ್ಯಾಕಿ?" ಎಂದು ನಕ್ಕರು. "ಉಷ್ಣ ಆಗೇತಿ, ಜೀರಿಗಿ ನೀರು ಕುಡಸು." ರಾಣೆಬೆನ್ನೂರಿನ ಡಾಕ್ಟರರನ್ನೂ ಕೇಳಿದೆ. ಅವರು ನನ್ನ ಕಡೆ ನೋಡದೆ ಗಂಡನಿಗೇ ಉತ್ತರ ಕೊಟ್ಟರು, "ವಯಸ್ಸಾತಲ್ರಿ. ಅರವತ್ತಕ್ಕ ಅರಳು ಮರಳು."

ಅದು ಅಲ್ಝೈಮರ್ ಇದ್ದೀತೆಂದು ಈಗ ಊಹಿಸುತ್ತೇನೆ. ಆಗ ಆ ಹೆಸರೇ ನಮಗೆ ಗೊತ್ತಿರಲಿಲ್ಲ. ಆ ರೋಗದಲ್ಲಿ ಮಿದುಳಿನೊಳಗೇ ಉರಿಯೂತ ಇರುತ್ತದಂತೆ. ಮೈಯಲ್ಲಿ ಬೇರೆಲ್ಲೋ ಸೋಂಕಾದರೆ ಅದು ಇನ್ನಷ್ಟು ಕೆರಳಿ, ಮರೆವು ಬಿರುಸಾಗಬಹುದಂತೆ. ಮೊನ್ನೆ ಪೇಪರಿನಲ್ಲಿ ಇದನ್ನು ಓದಿದಾಗ ಸಮಾಧಾನವಾಗಲಿಲ್ಲ, ಸಿಟ್ಟು ಬಂತು. ಏಳನೇ ಇಯತ್ತೆ ಕಲಿತ ಸೊಸೆಗೆ ಕಂಡದ್ದು ಇದೇ ಅಲ್ಲವೇ? ಜೀರಿಗೆ ನೀರು ಕುಡಿಸಿ ಕುಡಿಸಿ ನಾವು ಕಳೆದ ದಿನಗಳು ಎಷ್ಟೋ.

ಕೊನೆಯ ಜ್ವರ ಇಳಿದ ಮರುದಿನ ಅವರಿಗೆ ಗಂಜಿ ಕುಡಿಸುತ್ತಿದ್ದೆ. ಮಗ್ಗುಲ ಮನೆಯಾಕೆ ನೋಡಲು ಬಂದು ಬಾಗಿಲಲ್ಲಿ ನಿಂತಿದ್ದಳು. ಅತ್ತೆ ನನ್ನ ಮುಖವನ್ನೇ ನೋಡಿ, ತಲೆ ಸವರಿದರು.

"ಯಾರ ಮಗಳವ್ವ ನೀ? ನಿನ್ನ ಹೊಟ್ಟಿ ತಣ್ಣಗಿರಲಿ. ನಮ್ಮ ಸೊಸಿ ನನಗ ಕೂಳು ಹಾಕಂಗಿಲ್ಲ."

ನಾನು ಎದ್ದು ಹೋಗಿ ಬಟ್ಟಲನ್ನು ಆಗಲೇ ತೊಳೆದಿಟ್ಟೆ.